ಮೊಳಕಾಲ್ಮೂರಿನ ಸಂಗೀತ ಸಭೆ ಏಕೆ ಉಳಿಯಲಿಲ್ಲ?

ಮೊಳಕಾಲ್ಮೂರಿನಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಸಂಗೀತ ಸಭೆ ಅಷ್ಟು ಬೇಗ ಮುಚ್ಚಿಹೋದದ್ದು ಊರಿನವರಿಗೆ ಅಭಿರುಚಿ ಇಲ್ಲದ್ದರಿಂದಲೇ ಅಲ್ಲವೇ ಎಂದು ನೀವು ಪ್ರಶ್ನಿಸಿದ್ದೀರಿ. ಈ ಊಹೆಯನ್ನು ನಾನು ಒಪ್ಪಲಾರೆ.

ಚಿತ್ರದುರ್ಗ ಜಿಲ್ಲೆಯ ಈ ಮೂಲೆಗೆ ಆಂಧ್ರದ ರಾಯದುರ್ಗ ತೀರ ಹತ್ತಿರ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿದ ತಾಲ್ಲೂಕು ಅದು. ಗಡಿ ಬಿದ್ದರೂ ಮದುವೆ, ಸಂತೆ, ರೇಷ್ಮೆ ಸೀರೆಯ ವ್ಯವಹಾರ ಯಾವುದೂ ನಿಲ್ಲಲಿಲ್ಲ. ಹೀಗಾಗಿ ಆ ಕಡೆಯಿಂದ ತ್ಯಾಗರಾಜರ ತೆಲುಗು ಕೃತಿಗಳೂ ಉತ್ತರದಿಂದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹಿಂದೂಸ್ತಾನಿ ಗಾಯನವೂ ನಮ್ಮ ಕಿವಿಗೆ ಒಟ್ಟಿಗೇ ಬಿದ್ದವು. ಶಾಲಾ ಶಿಕ್ಷಕರು ಮತ್ತು ಕೆಲವು ನೇಕಾರರು ಸೇರಿ ಕಟ್ಟಿದ ಸಭೆಯಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಿಗೆ ಜಾಗವಿತ್ತು, ಮತ್ತು ಅದರ ಹೆಚ್ಚುಗಾರಿಕೆ ಅದೇ ಎಂಬುದು ನನ್ನ ಅಭಿಪ್ರಾಯ.

ತಬಲಾದವರು ಬಾರದ ಒಂದು ಸಂಜೆ, ಗದಗಿನಲ್ಲಿ ಕಲಿತ ಗಾಯಕರಿಗೆ ರಾಯದುರ್ಗದ ಮೃದಂಗದವರೇ ಸಾಥ್ ನೀಡಬೇಕಾಯಿತು. ವಿಳಂಬಿತ ಖಯಾಲಿನ, ಅಂದರೆ ನಿಧಾನಗತಿಯ ಹಿಂದೂಸ್ತಾನಿ ಗಾಯನದ, ನಡೆಗೆ ಮೃದಂಗ ಹೊಂದಲಿಲ್ಲ, ಒಂದೆರಡು ಆವರ್ತನಗಳಲ್ಲೇ ಇಬ್ಬರೂ ನಿಂತುಬಿಟ್ಟರು. ಗಾಯಕರು ಸ್ವಲ್ಪ ಯೋಚಿಸಿ ಪುರಂದರದಾಸರ ದೇವರನಾಮವೊಂದನ್ನು ಎತ್ತಿಕೊಂಡರು. ಹಿಂದೂಸ್ತಾನಿಯ ಕೆಹರ್ವಾ ತಾಳದ ಎಂಟು ಮಾತ್ರೆಗೂ ಕರ್ನಾಟಕ ಪದ್ಧತಿಯ ಆದಿತಾಳದ ಎಂಟು ಅಕ್ಷರಕ್ಕೂ ಲೆಕ್ಕ ಕೂಡುವುದರಿಂದ ಮೃದಂಗದವರು ನುಡಿಕಾರವನ್ನು ಸರಳಗೊಳಿಸಿ ಹಿಂದೆಯೇ ಹೊರಟರು, ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ನೇಕಾರರು ಒಳಗೆ ಬಂದು ಕುಳಿತು ಪಲ್ಲವಿಗೆ ದನಿಗೂಡಿಸಿದರು. ಹಾಗೆ ದನಿಗೂಡಿಸಿದವರನ್ನು ಅಭಿರುಚಿ ಇಲ್ಲದವರು ಎನ್ನಲಾದೀತೇ?

ಮುಚ್ಚಲು ಇದ್ದ ಕಾರಣಗಳು ಬೇರೆ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಶಿಕ್ಷಕರಿಗೆ ಒಬ್ಬರ ಹಿಂದೊಬ್ಬರಂತೆ ವರ್ಗಾವಣೆಯಾಯಿತು. ಸೀರೆ ಮಗ್ಗದಿಂದ ಇಳಿದ ಮೇಲಷ್ಟೇ ಮಜೂರಿ ಕಾಣುವ ನೇಕಾರರಿಗೆ ತಿಂಗಳಿಗಿಷ್ಟು ಚಂದಾ ಎಂಬ ಏರ್ಪಾಡು ಒಗ್ಗಲಿಲ್ಲ. ಮದುವೆಯ ಕಾಲ ಬಂದರೆ ಮಗ್ಗ ರಾತ್ರಿಯವರೆಗೂ ಆಡುತ್ತಿದ್ದುದರಿಂದ ಕಛೇರಿಗೆ ಜನ ಕೂಡುವುದೂ ಕಷ್ಟವಾಗುತ್ತಿತ್ತು. ದೊಡ್ಡ ಊರುಗಳ ಸಭೆಗಳ ನಿಯಮಗಳನ್ನು ಹಾಗೆಯೇ ತಂದುಕೊಂಡದ್ದೇ ಮೂಲದ ಕೊರತೆಯೆಂದು ನನಗೆ ತೋರುತ್ತದೆ. ಸುಗ್ಗಿಗೆ ಧಾನ್ಯ, ಹಬ್ಬಕ್ಕೆ ಎಣ್ಣೆ ಎಂದು ಕೈಲಾದದ್ದನ್ನು ಕೊಟ್ಟು ಭಜನಾ ಮಂಡಳಿಗಳನ್ನು ತಲೆಮಾರುಗಟ್ಟಲೆ ಸಾಕಿದ ಊರು ಇದು.

ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದ್ದು ಯಾವ ಸಭೆಯ ಆಶ್ರಯವೂ ಇಲ್ಲದೆ ಎಂಬುದನ್ನೂ ನೀವು ಗಮನಿಸಬೇಕು.

ಸಭೆಯ ಹಾರ್ಮೋನಿಯಂ ಈಗ ಭಜನಾ ಮಂದಿರದಲ್ಲಿದೆ. ಶ್ರಾವಣದ ಸೋಮವಾರಗಳಲ್ಲಿ ಅಲ್ಲಿ ತೆಲುಗು ಕೃತಿಯ ಬೆನ್ನಿಗೇ ಬಸವಣ್ಣನವರ ವಚನ ಹಾಡುತ್ತಾರೆ, ಹಾಡುವವರಲ್ಲಿ ಕೆಲವರು ಸರಳೆ, ಜಂಟಿವರಸೆಯಂಥ ಸಂಗೀತದ ಮೊದಲ ಪಾಠಗಳನ್ನು ಕಲಿತದ್ದು ಆ ಸಭೆಯಲ್ಲಿಯೇ.