ಓಡೋದು ನೀವು, ಗೆಲ್ಲೋದು ಅವರು!

ಪ್ರಶ್ನೆ: ನನಗೆ 38. ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದೆ, ಈಗ ಕೆಲವು ತಿಂಗಳಿಂದ ಪಿಕಲ್‌ಬಾಲ್ (ತೂತಿರುವ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನಿಂದ ನೆಟ್ ದಾಟಿಸುವ ಆಟ). ಡಬಲ್ಸ್‌ನಲ್ಲಿ ಹೇಗೋ ಮರ್ಯಾದೆ ಉಳಿಯುತ್ತದೆ. ಸಿಂಗಲ್ಸ್‌ಗೆ ಇಳಿದರೆ ಮಾತ್ರ ರಿಟೈರ್ ಆದ ಸರ್ ಒಬ್ಬರು ನನ್ನನ್ನು 11–3, 11–4ಕ್ಕೆ ಮುಗಿಸುತ್ತಾರೆ. ಅವರು ಓಡುವುದೇ ಇಲ್ಲ, ನಾನು ಬೆವರಿ ನೀರಾಗಿರುತ್ತೇನೆ. ನಮ್ಮದು ಬಯಲು ಕೋರ್ಟ್, ಸಂಜೆ ಕಡಲ ಗಾಳಿ ಬೇರೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಆ ಸರ್ ಓಡುತ್ತಿಲ್ಲ, ಯಾಕೆಂದರೆ ನೀವು ಓಡಿಸುತ್ತಿಲ್ಲ. ನಿಮ್ಮ ರಿಟರ್ನ್ ಗಿಡ್ಡ ಬೀಳುತ್ತಿರಬೇಕು. ಸರ್ವ್ ಮಾಡಿದವರು ನಿಮ್ಮ ರಿಟರ್ನ್ ಒಮ್ಮೆ ನೆಲಕ್ಕೆ ಬಿದ್ದು ಪುಟಿಯುವವರೆಗೆ ಕಾಯಲೇಬೇಕು, ಅದು ನಿಯಮ. ಅಂದರೆ ಆಟ ಶುರುವಾಗುವಾಗಲೇ ನಿಮಗೊಂದು ಅವಕಾಶ ಪುಕ್ಕಟೆ ಸಿಕ್ಕಿದೆ! ಚೆಂಡನ್ನು ಅವರ ಬೇಸ್‌ಲೈನ್ (ಕೋರ್ಟ್‌ನ ಹಿಂದಿನ ಗೆರೆ) ಹತ್ತಿರ ಬೀಳಿಸಿ, ನೀವು ಕಿಚನ್ ಗೆರೆಗೆ, ಅಂದರೆ ನೆಟ್‌ನಿಂದ ಏಳು ಅಡಿಗಿರುವ ಗೆರೆಗೆ, ಬನ್ನಿ. ಬೇಸ್‌ಲೈನ್‌ನಿಂದ ಅಲ್ಲಿಗೆ 15 ಅಡಿ. ಬ್ಯಾಡ್ಮಿಂಟನ್ ಆಡಿದವರು ರಿಟರ್ನನ್ನೂ ಬಲವಾಗಿ ಚಪ್ಪಟೆ ಹೊಡೆಯುತ್ತಾರೆ, ಚೆಂಡು ಅಷ್ಟೇ ಬೇಗ ವಾಪಸ್ ಬರುತ್ತದೆ, ನೀವಿನ್ನೂ ಅರ್ಧ ದಾರಿಯಲ್ಲಿರುತ್ತೀರಿ, ಚೆಂಡು ನೇರ ಶೂ ಬುಡಕ್ಕೆ. ಸ್ವಲ್ಪ ಎತ್ತರವಾಗಿ, ನಿಧಾನವಾಗಿ, ಆದರೆ ಆಳಕ್ಕೆ ಕಳಿಸಿ. ಆಗ ನಡೆದು ಬಂದರೂ ಸಮಯ ಸಾಕು. ಅವರು ಹೊಡೆಯುವ ಕ್ಷಣಕ್ಕೆ ಮಾತ್ರ ಎಲ್ಲಿದ್ದೀರೋ ಅಲ್ಲೇ ನಿಂತುಬಿಡಿ, ಓಡುತ್ತಾ ಹೊಡೆಯಬೇಡಿ.

ಸರ್ವ್ ನಿಮ್ಮದಾದಾಗ ಇದೇ ಲೆಕ್ಕ ಉಲ್ಟಾ. ಸರ್ವ್ ಮಾಡಿ ಎರಡು ಹೆಜ್ಜೆ ಮುಂದೆ ಬರುವ ಚಾಳಿ ಇದ್ದರೆ ಬಿಡಿ, ಗೆರೆಯ ಹಿಂದೆಯೇ ಇರಿ. ಮೂಲೆಗೇ ಗುರಿ ಇಡುವ ಆಸೆಯೂ ಈಗ ಬೇಡ. ಬೇಸ್‌ಲೈನ್‌ಗಿಂತ ಎರಡು ಮೂರು ಅಡಿ ಒಳಗೆ, ಅವರ ಬ್ಯಾಕ್‌ಹ್ಯಾಂಡ್ ಕಡೆ ಬಿದ್ದರೆ ಸಾಕು. ಸಿಂಗಲ್ಸ್‌ನಲ್ಲಿ ಎರಡನೇ ಸರ್ವರ್ ಇಲ್ಲ, ಸರ್ವ್ ಹೊರಗೆ ಹೋದರೆ ಸರದಿಯೂ ಹೋಯಿತು. ಪಾಯಿಂಟ್ ಬರುವುದು ಸರ್ವ್ ಮಾಡುವವರಿಗೆ ಮಾತ್ರ ಅಲ್ವಾ, ನೆನಪಿರಲಿ.

ಇನ್ನೊಂದು ಅನುಮಾನ. ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಪಕ್ಕದ ಗೆರೆ ಒಳಗೆ ಬರುತ್ತದೆ, ಅಗಲ 17 ಅಡಿ. ಪಿಕಲ್‌ಬಾಲ್‌ನಲ್ಲಿ ಹಾಗಿಲ್ಲ, ಒಬ್ಬರೇ ಆಡಿದರೂ ಪೂರ್ತಿ 20 ಅಡಿ ಅಗಲ, 44 ಅಡಿ ಉದ್ದ. ನಿಮ್ಮ ಕಾಲಿಗೆ ಇನ್ನೂ ಹಳೇ ಅಳತೆಯೇ ಅಭ್ಯಾಸ ಇರಬಹುದು. ಎರಡೂ ಕಡೆ ಹೆಚ್ಚಿಗೆ ಸೇರುವ ಆ ತಲಾ ಒಂದೂವರೆ ಅಡಿಯಲ್ಲೇ ಸರ್ ಚೆಂಡು ದಾಟಿಸುತ್ತಿದ್ದಾರೆ ಅನಿಸುತ್ತದೆ. ನೆಟ್ ಹತ್ತಿರ ಬಂದ ಮೇಲೆ ನಟ್ಟನಡುವೆ ನಿಲ್ಲಬೇಡಿ. ಚೆಂಡು ಯಾವ ಮೂಲೆಗೆ ಕಳಿಸಿದಿರೋ ಆ ಕಡೆಗೆ ಒಂದು ಹೆಜ್ಜೆ ಸರಿದು ನೇರ ಹೊಡೆತದ ದಾರಿ ಮುಚ್ಚಿ. ಅಡ್ಡ ಹೊಡೆದರೆ ಚೆಂಡು ಜಾಸ್ತಿ ದೂರ ಬರಬೇಕು, ಹಿಡಿಯೋಕೆ ಸ್ವಲ್ಪ ಹೊತ್ತು ಸಿಗುತ್ತದೆ. ಆದರೂ ಕೆಲವು ದಾಟಿ ಹೋಗುತ್ತವೆ, ಹೋಗಲಿ ಬಿಡಿ.

ಗಾಳಿಗೆ ಬೈಯುವ ಮೊದಲು ಚೆಂಡು ನೋಡಿ. ಹೊರಗಿನ ಆಟದ ಚೆಂಡಿಗೆ ಸಾಮಾನ್ಯವಾಗಿ 40 ಸಣ್ಣ ತೂತು, ಒಳಾಂಗಣದ್ದಕ್ಕೆ 26 ದೊಡ್ಡ ತೂತು. ಎರಡನೆಯದನ್ನು ಕಡಲ ದಂಡೆಯಲ್ಲಿ ಆಡಿದರೆ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಸಂಜೆ ಗಾಳಿ ಪಶ್ಚಿಮದಿಂದ ಬರುತ್ತದೆ. ಅದಕ್ಕೆ ಎದುರಾಗಿ ಆಡುವಾಗ ಧೈರ್ಯವಾಗಿ ಹೊಡೆಯಿರಿ, ಬೆನ್ನಿಗಿದ್ದಾಗ ಗುರಿಯನ್ನು ಒಂದೆರಡು ಅಡಿ ಒಳಗೆ ತನ್ನಿ. ಸರ್ವ್‌ಗೆ ಎತ್ತಿದ ಚೆಂಡು ಅಲ್ಲಾಡುತ್ತಿದ್ದರೆ ಕೈಯಿಂದ ಸುಮ್ನೆ ಕೆಳಗೆ ಬಿಟ್ಟು, ಪುಟಿದ ಮೇಲೆ ಹೊಡೆಯಿರಿ. ಅದಕ್ಕೂ ಅವಕಾಶವಿದೆ. ಆ ಸೆಖೆಯಲ್ಲಿ ಬರೀ ನೀರು ಸಾಲದು, ಉಪ್ಪು ಹಾಕಿದ ಮುರುಗಲು ಪಾನಕ ಜೊತೆಗಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಬ್ಯಾಡ್ಮಿಂಟನ್ ಹಾಲ್‌ನಲ್ಲೇ ಪಿಕಲ್‌ಬಾಲ್ ಆಡುತ್ತೇವೆ. ಬರುವುದು ನಾವಿಬ್ಬರೇ ಗೆಳತಿಯರು, ಇಬ್ಬರೂ ಹೊಸಬರು. ಪೂರ್ತಿ ಕೋರ್ಟ್‌ನಲ್ಲಿ ಒಂದು ಗೇಮ್‌ಗೇ ಸುಸ್ತು.
– ಓದುಗರು, ಶಿರಸಿ

ಉತ್ತರ: ಅರ್ಧ ಕೋರ್ಟ್‌ನಲ್ಲಿ ಆಡಿ. ಕೋರ್ಟನ್ನು ಉದ್ದುದ್ದಕ್ಕೆ ಎರಡು ಮಾಡಿಕೊಳ್ಳಿ, ಎದುರುಬದುರಿನ ಅರ್ಧ ಮಾತ್ರ ಒಳಗೆ, ಉಳಿದದ್ದು ಔಟ್. ಓಟ ಕಡಿಮೆ, ಹೊಡೆತ ಜಾಸ್ತಿ. ಹೊಸಬರಿಗೆ ಪೂರ್ತಿ ಸಿಂಗಲ್ಸ್‌ಗಿಂತ ಇದೇ ಒಳ್ಳೆಯದು ಅನ್ನುತ್ತೇನೆ. ಬ್ಯಾಡ್ಮಿಂಟನ್‌ನ ಹೊರಗೆರೆಗಳು ಹಾಗೇ ನಡೆಯುತ್ತವೆ, ಅಳತೆ ಒಂದೇ. ಆದರೆ ಮುಂದಿನ ಸರ್ವಿಸ್ ಗೆರೆಯನ್ನು ಕಿಚನ್ ಗೆರೆ ಅಂದುಕೊಳ್ಳಬೇಡಿ. ಅದು ನೆಟ್‌ನಿಂದ ಆರೂವರೆ ಅಡಿಗಿದೆ, ನಿಮಗೆ ಬೇಕಿರುವುದು ಏಳು. ನೆಟ್ ಮಧ್ಯದಲ್ಲಿ 34 ಇಂಚು, ಅಂಚಿನಲ್ಲಿ 36 ಇಂಚಿಗೆ ಇಳಿಯಬೇಕು. ಕಿಚನ್‌ಗೆ ಟೇಪ್ ಅಂಟಿಸುವ ಮೊದಲು ನೆಲ ಒರೆಸಿ, ಶಿರಸಿ ಮಳೆಗೆ ಹಾಲ್ ಒಳಗೂ ಪಸೆ ಇರುತ್ತದೆ, ಟೇಪ್ ಹಿಡಿಯುವುದಿಲ್ಲ.