ಚಾವಣಿ ಬದಲಿಸಲು ಮೂವರು ಕಾಂಟ್ರಾಕ್ಟರ್‌ಗಳು ಮೂರು ರೇಟು ಹೇಳಿದ್ದಾರೆ. ಯಾರಿಗೆ ಕೆಲಸ ಕೊಡಲಿ?

ಕಡಿಮೆ ರೇಟು ಹೇಳಿದವರಿಗೆ ಕೊಡಲೋ, ಅಟ್ಟ ಹತ್ತಿ ಫೋಟೋ ತೆಗೆದುಕೊಂಡು ಹೋದ ಎರಡನೆಯವರಿಗೆ ಕೊಡಲೋ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಹೀಗೇ ಮೂರು ಕೊಟೇಶನ್ ಮುಂದಿಟ್ಟುಕೊಂಡು ಕೂತಿದ್ದೆ. ಕಡಿಮೆ ಹೇಳಿದವರಿಗೇ ಕೊಟ್ಟೆ.

ಆ ಕೊಟೇಶನ್‌ನಲ್ಲಿ ಇದ್ದದ್ದು ಒಂದೇ ಸಾಲು: ಹಳೆ ಚಾವಣಿ ತೆಗೆದು ಹೊಸದು ಹಾಕುವುದು. ಎರಡನೇ ದಿನ ಅರ್ಧ ಮನೆ ಬಿಚ್ಚಿಯಾಗಿತ್ತು. ಆಗ ಕಾಂಟ್ರಾಕ್ಟರ್ ಬಂದು, "ಸಾರ್, ಒಳಗೆ ಮರ ಎಲ್ಲಾ ಹೋಗಿದೆ, ಅದು ಎಕ್ಸ್‌ಟ್ರಾ" ಅಂದರು. ತಲೆ ಮೇಲೆ ಆಕಾಶ ಕಾಣುತ್ತಿರುವಾಗ ಚೌಕಾಸಿ ಮಾಡುವುದು ಹೇಗೆ ಹೇಳಿ? ಅವರು ಕೇಳಿದಷ್ಟು ಕೊಟ್ಟೆ. ಕೊನೆಗೆ ಲೆಕ್ಕ ಹಾಕಿದರೆ, ದುಬಾರಿ ಅಂತ ನಾನು ಬಿಟ್ಟಿದ್ದವರ ರೇಟನ್ನೂ ದಾಟಿತ್ತು.

ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಮರ ನಿಜವಾಗಿಯೂ ಕೆಟ್ಟಿತ್ತು. ಆದರೆ ಅಂಗಳದಲ್ಲಿ ನಿಂತು, ಕತ್ತೆತ್ತಿ ನೋಡಿ ರೇಟು ಹೇಳಿದವರಿಗೆ ಅದು ಗೊತ್ತಾಗುವುದಾದರೂ ಹೇಗೆ? ಹೆಂಚಿರಲಿ, ಶೀಟಿರಲಿ, ಲೆಕ್ಕ ತಪ್ಪುವುದು ಅದರ ಕೆಳಗಿನ ಪಕಾಸು, ರೀಪುಗಳಲ್ಲಿ, ಅಂದರೆ ಚಾವಣಿ ಹೊರುವ ಮರದ ತುಂಡು, ಪಟ್ಟಿಗಳಲ್ಲಿ. ಅನುಮಾನ ಬಂದ ಕಡೆ ಚಾಕುವಿನ ಮೊನೆ ಚುಚ್ಚಿ ನೋಡಬೇಕು. ಗಟ್ಟಿ ಮರಕ್ಕೆ ಅದು ಇಳಿಯುವುದಿಲ್ಲ, ಕೊಳೆತದ್ದಕ್ಕೆ ಸಲೀಸಾಗಿ ಇಳಿಯುತ್ತದೆ. ನೀರು ತೊಟ್ಟಿಕ್ಕುವ ಜಾಗವೊಂದನ್ನೇ ನೋಡಿದರೂ ಸಾಲದು. ಅದು ಮೇಲೆಲ್ಲೋ ನುಗ್ಗಿ, ಮರದ ಗುಂಟ ಹರಿದು, ಇನ್ನೆಲ್ಲೋ ಬೀಳುತ್ತದೆ.

ಆದ್ದರಿಂದ ಮೇಲೆ ಹತ್ತದವರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹತ್ತಿದವರಿಗೂ ಎಲ್ಲಾ ಮರ ಕಾಣುವುದಿಲ್ಲ ಅನ್ನಿ. ಅದಕ್ಕೇ, ಬಿಚ್ಚಿದ ಮೇಲೆ ಮರ ಕೆಟ್ಟಿದ್ದು ಕಂಡರೆ ಒಂದು ಅಡಿ ಮರಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಈ ಒಂದು ಸಾಲು ನನ್ನ ಹತ್ತಿರ ಇರಲಿಲ್ಲ.

ಸಾಮಾನಿನ ವಿಷಯದಲ್ಲೂ ಸುಮ್ನೆ "ಒಳ್ಳೆ ಶೀಟ್" ಅಂತ ಬರೆದರೆ ಒಪ್ಪಬೇಡಿ. ಬಣ್ಣದ ಲೋಹದ ಶೀಟಾದರೆ ದಪ್ಪ ಕೇಳಿ. ಅದು ಲೇಪನ, ಬಣ್ಣ ಸೇರಿದ ದಪ್ಪವೋ, ಬರೀ ಉಕ್ಕಿನದೋ ಅಂತಲೂ ಕೇಳಿ. ಎಲ್ಲಾ ಸೇರಿ 0.50 ಮಿಲಿಮೀಟರ್ ಅಂದರೆ ಒಳಗಿನ ಉಕ್ಕು ಸುಮಾರು 0.45 ಮಾತ್ರ ಇರುತ್ತದೆ. ಒಬ್ಬರು ಒಂದು ಲೆಕ್ಕ, ಇನ್ನೊಬ್ಬರು ಇನ್ನೊಂದು ಲೆಕ್ಕ ಹೇಳಿದ್ದರೆ ರೇಟು ಹೋಲಿಸಿ ಏನು ಪ್ರಯೋಜನ, ಅಲ್ವಾ? ಚಾವಣಿ ಗೋಡೆಗೆ ಸೇರುವ ಕಡೆ ಹೊಸ ತಗಡು ಹಾಕುತ್ತಾರೋ, ಹಳೆಯದನ್ನೇ ಬಡಿದು ಸಿಮೆಂಟ್ ಮೆತ್ತುತ್ತಾರೋ ಅಂತ ಕೇಳಲು ಮರೆಯಬೇಡಿ. ಮೊದಲು ಸೋರುವ ಜಾಗಗಳಲ್ಲಿ ಅದೂ ಒಂದು. ಸ್ಕ್ರೂಗಳ ರಬ್ಬರ್ ವಾಷರ್ ಕೂಡ ಹಾಗೇ. ಜಾಸ್ತಿ ಬಿಗಿದರೆ ಚಪ್ಪಟೆಯಾಗಿ ಬಿರಿಯುತ್ತದೆ, ಸಡಿಲ ಬಿಟ್ಟರೆ ನೀರು ಇಳಿಯುತ್ತದೆ.

ಈಗಿರುವುದು ಹಳೆಯ ಆಸ್ಬೆಸ್ಟಾಸ್ ಶೀಟಾದರೆ ಅದನ್ನು ಹೇಗೆ ಇಳಿಸುತ್ತಾರೆ ಅಂತ ಕೇಳಿ. "ಒಡೆದು ಕೆಳಗೆ ಹಾಕ್ತೀವಿ" ಅಂದವರಿಗೆ ಅಲ್ಲೇ ಕೈಮುಗಿದುಬಿಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರವೂ ಕ್ಯಾನ್ಸರ್ ಬರಬಹುದು. ಶೀಟನ್ನು ಒದ್ದೆ ಮಾಡಿ, ಒಡೆಯದೆ, ಇಡೀಯಾಗಿ ಇಳಿಸಬೇಕು. ಅದಕ್ಕೆ ಪರವಾನಗಿ ಇರುವವರೇ ಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ.

ಅವರು ಮಾಡಿದ ಹಳೆ ಕೆಲಸ ನೋಡಲು ಹೋಗುವಿರಾದರೆ ಹೋದ ತಿಂಗಳ ಮನೆ ಬೇಡ, ನಾಲ್ಕೈದು ಮಳೆಗಾಲ ಕಂಡ ಮನೆ ತೋರಿಸಿ ಅನ್ನಿ. ಆ ಮನೆಯವರನ್ನು "ಕೆಲಸ ಹೇಗಿದೆ" ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಸೋರಿದಾಗ ಕರೆದರೆ ಬಂದರಾ?" ಅಂತ ಕೇಳಿ ನೋಡಿ.

ದುಡ್ಡನ್ನು ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ. ಕೊನೆಯ ಕಂತು ಒಂದು ಜೋರು ಮಳೆ ಬಿದ್ದ ಮೇಲೆ. ಇದನ್ನೂ ಮೊದಲೇ ಒಪ್ಪಿಸಿ, ಆಮೇಲೆ ಹೇಳಿದರೆ ಜಗಳವಾಗುತ್ತದೆ. ಕೆಲಸದವರು ಬಿದ್ದು ಪೆಟ್ಟಾದರೆ ಯಾರ ವಿಮೆ, ಬಿಚ್ಚಿದಾಗ ಮಳೆ ಬಂದರೆ ಟಾರ್ಪಾಲು ಯಾರದು, ಇವೂ ಕಾಗದದಲ್ಲಿ ಇರಲಿ.

ನಾನಾಗಿದ್ದರೆ ಇವತ್ತೇ ಎರಡನೆಯವರಿಗೆ ಫೋನ್ ಮಾಡಿ, ಮರದ ರೇಟು ಬರೆದು ಕಳಿಸಿ ಅನ್ನುತ್ತಿದ್ದೆ. ಕಳಿಸಿದರೆ ಅವರಿಗೇ ಕೊಡಿ. "ಅದೆಲ್ಲ ಆಮೇಲೆ ನೋಡೋಣ" ಅಂದರೆ ನಾಲ್ಕನೆಯವರನ್ನು ಹುಡುಕಿ.