ಸಂಪಾದಕರ ಉತ್ತರ: ಕರಿಯನಿಗೆ ಕೀಮೋ ಕೊಡಿಸಬೇಕೇ?

ಮಂಡ್ಯದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಎಂಟು ವರ್ಷದ ಲ್ಯಾಬ್ರಡಾರ್ ಕರಿಯನ ಕತ್ತಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳೆದ್ದಿವೆ. ಸೂಜಿ ಚುಚ್ಚಿ ಪರೀಕ್ಷಿಸಿದಾಗ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗಿದೆ. ವೈದ್ಯರು ಕೀಮೋ ಕೊಡಿಸಿ ಎಂದಿದ್ದಾರೆ. ಕೀಮೋದಲ್ಲಿ ಯಜಮಾನರು ಪಟ್ಟ ಪಾಡು ಇವರ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ. ಮಗಳು ಹೆರಿಗೆಗೆ ಬಂದಿದ್ದಾಳೆ. "ಮನುಷ್ಯರಿಗೇ ಗತಿಯಿಲ್ಲ, ನಾಯಿಗೆ ಕೀಮೋ ಬೇರೆ ಕೇಡು" ಎಂದು ಭಾವ ನಗುತ್ತಾರೆ. ಏನು ಮಾಡಲಿ ಎಂಬುದು ಪ್ರಶ್ನೆ.

ಮೇಡಂ,

ನಿಮ್ಮ ಭಾವನವರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬೀಗರೂಟಕ್ಕೆ ಎಷ್ಟು ಕುರಿ ಬಿದ್ದವು ಎಂದು ಲೆಕ್ಕ ಕೇಳದವರು ಕರಿಯನ ಔಷಧಿಯ ಲೆಕ್ಕ ಕೇಳಬೇಕಾಗಿಲ್ಲ.

ನಿಮ್ಮ ಭಯ ಬೇರೆ ಮಾತು. ಅದನ್ನು ತಳ್ಳಿಹಾಕಲಾರೆ. ಆದರೆ ಯಜಮಾನರಿಗೆ ಕೊಟ್ಟ ಕೀಮೋಗೂ ಕರಿಯನಿಗೆ ಕೊಡುವ ಕೀಮೋಗೂ ಔಷಧಿಯ ಹೆಸರು ಒಂದೇ ಇದ್ದೀತು, ಉದ್ದೇಶ ಒಂದಲ್ಲ. ಮನುಷ್ಯರಲ್ಲಿ ರೋಗವನ್ನು ಬೇರುಸಹಿತ ಕೀಳುವ ಆಸೆಯಿಂದ ದೇಹ ತಡೆಯುವಷ್ಟೂ ಔಷಧಿ ಹಾಕುತ್ತಾರೆ. ಮುಂದೆ ಒಳ್ಳೆಯದಾಗುತ್ತದೆ ಎಂದು ರೋಗಿಯೂ ಹಲ್ಲು ಕಚ್ಚಿ ಸಹಿಸುತ್ತಾನೆ. ನಾಯಿಗೆ ಹಾಗೆ ಹೇಳಿ ಒಪ್ಪಿಸುವುದು ಹೇಗೆ? ಅದಕ್ಕೆ ಗೊತ್ತಿರುವುದು ಇವತ್ತು ಮಾತ್ರ. ಆದ್ದರಿಂದ ಪಶುವೈದ್ಯರು ಪ್ರಮಾಣವನ್ನು ಇಳಿಸಿಯೇ ಕೊಡುತ್ತಾರೆ. ಹೆಚ್ಚಿನ ನಾಯಿಗಳು ಒಂದೆರಡು ದಿನ ಮಂಕಾಗಿ, ಒಮ್ಮೆ ವಾಂತಿಯೋ ಭೇದಿಯೋ ಆಗಿ, ಮತ್ತೆ ಗೇಟಿನ ಬಳಿ ಬೊಗಳಲು ಹೋಗುತ್ತವೆ. ಕೂದಲಿನ ಚಿಂತೆಯೂ ಬೇಡ. ಪೂಡಲ್‌ನಂತೆ ಸದಾ ಕೂದಲು ಬೆಳೆಯುವ ತಳಿಗಳಿಗೆ ಉದುರುತ್ತದೆ, ಲ್ಯಾಬ್ರಡಾರ್‌ಗೆ ಅಷ್ಟಾಗಿ ಇಲ್ಲ. ಬೆಕ್ಕಾದರೆ ಮೀಸೆ ಕಳೆದುಕೊಳ್ಳುತ್ತದೆ.

ಇನ್ನು ಕಹಿ ಮಾತು. ಕರಿಯನ ಕಾಯಿಲೆ ವಾಸಿಯಾಗುವುದಿಲ್ಲ ಎಂದೇ ಎಣಿಸಿಕೊಳ್ಳಿ. ಏನೂ ಮಾಡದಿದ್ದರೆ ಇಂಥ ನಾಯಿಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬದುಕುತ್ತವೆ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧಿಗಳನ್ನು ಸರದಿಯಲ್ಲಿ, ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಹೀಗೆ ಐದಾರು ತಿಂಗಳ ಚಿಕಿತ್ಸೆ ನಡೆದರೆ ಹತ್ತರಲ್ಲಿ ಎಂಟು ನಾಯಿಗಳ ಗಂಟು ಕರಗುತ್ತದೆ; ಅರ್ಧದಷ್ಟು ನಾಯಿಗಳು ಸುಮಾರು ಒಂದು ವರ್ಷ ಕಾಣುತ್ತವೆ. ಕ್ಯಾನ್ಸರ್ ಹುಟ್ಟಿದ್ದು ಬಿ ಎಂಬ ಬಗೆಯ ಬಿಳಿ ರಕ್ತಕಣದಲ್ಲಾದರೆ ಸ್ವಲ್ಪ ಮೇಲು, ಟಿ ಬಗೆಯದರಲ್ಲಾದರೆ ಕಡಿಮೆ. ನಿಮ್ಮ ವರದಿಯಲ್ಲಿ ಅದು ಯಾವುದೆಂದು ಬರೆದಿಲ್ಲ, ಕೇಳಿ. ನಮಗೆ ಒಂದು ವರ್ಷ ಎಂದರೆ ಏನೂ ಅಲ್ಲ. ಎಂಟು ವರ್ಷದ ಲ್ಯಾಬ್ರಡಾರ್‌ಗೆ ಅದು ಆಯುಷ್ಯದ ಹತ್ತರಲ್ಲೊಂದು ಪಾಲು.

ಒಂದು ಎಚ್ಚರಿಕೆ. ಗಂಟು ಇಳಿಯಲಿ ಎಂದು ಯಾರಾದರೂ ಈಗಾಗಲೇ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಗಂಟು ಇಳಿಯುತ್ತದೆ ನಿಜ, ಆದರೆ ಕ್ಯಾನ್ಸರ್ ಔಷಧಿಗೆ ಬಗ್ಗದಂತೆ ಪಳಗಿಬಿಡುತ್ತದೆ. ಆಮೇಲೆ ಕೊಡುವ ಕೀಮೋ ಅಷ್ಟು ನಾಟುವುದಿಲ್ಲ. ಕೀಮೋ ಬೇಡವೆಂದು ನಿರ್ಧರಿಸಿದ ಮೇಲೆ ಅದೇ ಮಾತ್ರೆಯೊಂದನ್ನೇ ಕೊಟ್ಟು ಒಂದೆರಡು ತಿಂಗಳು ನೆಮ್ಮದಿಯಾಗಿ ಇಡುವುದೂ ಉಂಟು. ಹಾಗೆ ಮಾಡಿದರೆ ನೀವು ಕಟುಕರಾಗುವುದಿಲ್ಲ. ಪ್ರತಿ ವಾರ ಬೆಂಗಳೂರಿಗೆ ನೂರು ಕಿಲೋಮೀಟರ್ ಹೋಗಿ, ನೂರು ಬಂದು ಮಾಡಬೇಕಾದರೆ, ಕಾರು ಹತ್ತಿದರೆ ನಡುಗುವ ನಾಯಿಗೆ ಅದೇ ಒಂದು ಕಾಯಿಲೆ. ರಕ್ತಪರೀಕ್ಷೆಯನ್ನೂ ಕೆಲವು ಇಂಜೆಕ್ಷನ್‌ಗಳನ್ನೂ ಮಂಡ್ಯದಲ್ಲೇ ಮಾಡಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿ.

ಕ್ಯಾನ್ಸರ್ ಎಂಬ ಹೆಸರು ಒಂದೇ ಆದರೂ ಎಲ್ಲವೂ ಒಂದಲ್ಲ. ಮೈಸೂರಿನ ನಮ್ಮ ಕಚೇರಿಯ ಬಾಗಿಲಲ್ಲಿ ಮಲಗುತ್ತಿದ್ದ ಬೀದಿನಾಯಿಗೆ ಹಿಂದೆ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಎದ್ದು ರಕ್ತ ತೊಟ್ಟಿಕ್ಕುತ್ತಿತ್ತು. ಪಶುವೈದ್ಯರು ಟಿವಿಟಿ ಎನ್ನುವ ಈ ಗಡ್ಡೆ ಕೂಡುವಾಗ ನಾಯಿಯಿಂದ ನಾಯಿಗೆ ದಾಟುತ್ತದೆ. ದಾಟುವುದು ರೋಗಾಣುವಲ್ಲ, ಕ್ಯಾನ್ಸರ್ ಜೀವಕೋಶವೇ. ವಾರಕ್ಕೊಂದರಂತೆ ಐದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಅದು ಇದ್ದ ಗುರುತೂ ಇಲ್ಲದೆ ಹೋಯಿತು. ಆ ಔಷಧಿಯ ಮೂಲ ಕಾಶಿ ಕಣಗಿಲೆ. ಕಚೇರಿಯ ಕಾಂಪೌಂಡಿನಲ್ಲಿ ಆ ಗಿಡದ ಬುಡದಲ್ಲೇ ನಾಯಿ ಮಲಗುತ್ತಿತ್ತು ಎಂದರೆ ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತೀರಿ. (ಹಾಗೆಂದು ಎಲೆ ಅರೆದು ಕುಡಿಸಲು ಹೋಗಬೇಡಿ, ಅದು ವಿಷ.) ಸೂಜಿ ಹಾಕುವಾಗ ಡಾಕ್ಟರರು ನಮ್ಮಿಬ್ಬರಿಗೆ ಕಾಲನ್ನು ಅಲುಗದಂತೆ ಹಿಡಿಯಲು ಹೇಳಿದ್ದರು. ಒಂದು ಹನಿ ರಕ್ತನಾಳದ ಹೊರಗೆ ಸೋರಿದರೂ ಅಲ್ಲಿನ ಮಾಂಸ ಕೊಳೆಯುತ್ತದಂತೆ. ಅವರ ಹಣೆಯ ಬೆವರು ನೋಡಿದ ಮೇಲೆ, ಇದು ಯಾರೋ ಬಂದು ಚುಚ್ಚಿ ಹೋಗುವ ಸೂಜಿಯಲ್ಲ ಎಂದು ನನಗೆ ಅರ್ಥವಾಯಿತು.

ನಿಮ್ಮ ಮಗಳ ವಿಷಯಕ್ಕೆ ನಾನು ಹೆಚ್ಚು ಹೆದರುತ್ತೇನೆ. ಈ ಔಷಧಿಗಳು ಕೆಲವು ದಿನ ನಾಯಿಯ ಮೂತ್ರ, ಮಲ, ವಾಂತಿಯಲ್ಲಿ ಹೊರಬರುತ್ತವೆ. ಗರ್ಭಿಣಿ ಅದನ್ನು ಬಳಿಯಬಾರದು, ಮಾತ್ರೆಯನ್ನೂ ಮುಟ್ಟಬಾರದು. ಬಳಿಯುವವರು ಕೈಗವಸು ಹಾಕಿಕೊಳ್ಳಲಿ. ಮಾತ್ರೆಯನ್ನು ಯಾರೂ ಮುರಿಯುವುದೂ ಪುಡಿ ಮಾಡುವುದೂ ಬೇಡ. ಕರಿಯ ಒಂದೇ ಮೂಲೆಯಲ್ಲಿ ಮೂತ್ರ ಮಾಡುವಂತೆ ಮಾಡಿ, ಅಲ್ಲಿ ಯಥೇಚ್ಛ ನೀರು ಹೊಯ್ಯಿರಿ. ಹೆರಿಗೆಯಾಗಿ ಬಾಣಂತಿ, ಮಗು ಮನೆಯಲ್ಲಿರುವಾಗ ಇದನ್ನೆಲ್ಲ ನೋಡಿಕೊಳ್ಳುವ ಇನ್ನೊಬ್ಬರು ಇದ್ದಾರೆಯೇ? ಇಲ್ಲವಾದರೆ ಕೀಮೋ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಇದ್ದರೆ, ಕೊಡಿಸಿ.

ಯಜಮಾನರ ಮಾತ್ರೆಗಳು ಬೀರುವಿನಲ್ಲಿ ಉಳಿದಿವೆ, ಬಳಸಬಹುದೇ ಎಂದಿದ್ದೀರಿ. ಖಂಡಿತ ಬೇಡ. ಮನುಷ್ಯರು ಹಚ್ಚಿಕೊಳ್ಳುವ ಫ್ಲೂರೋಯುರಾಸಿಲ್ ಮುಲಾಮನ್ನು ನೆಕ್ಕಿಯೇ ನಾಯಿಗಳು ಸಾಯುತ್ತವೆ. ನಮಗೆ ಕೊಡುವ ಸಿಸ್‌ಪ್ಲಾಟಿನ್ ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ.

ಕೊನೆಯದಾಗಿ, ಕೀಮೋ ನಡೆಯುವಾಗ ಕರಿಯನಿಗೆ ಮುದ್ದೆ ಬಿಡಿಸಬೇಕೇ ಎಂಬ ಪ್ರಶ್ನೆ. ಬಿಡಿಸಬೇಡಿ, ತಿನ್ನಲಿ. ಈರುಳ್ಳಿ ಬಿದ್ದ ಸಾರು ಮಾತ್ರ ಬೇಡ, ಅದು ನಾಯಿಗೆ ಮೊದಲಿಂದಲೂ ಆಗದು. ಹಸಿ ಮಾಂಸವೂ ಬೇಡ. ಇಂಜೆಕ್ಷನ್ ಆಗಿ ಒಂದು ವಾರದ ಹೊತ್ತಿಗೆ ಬಿಳಿ ರಕ್ತಕಣಗಳು ತೀರಾ ಇಳಿದು, ಸೋಂಕು ಸುಲಭವಾಗಿ ತಗಲುತ್ತದೆ. ಆಗ ಮೈ ಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಎರಡು ಹೊತ್ತು ಮುದ್ದೆಯನ್ನು ಮೂಸಿ ನೋಡಿ ತಿರುಗಿ ಮಲಗಿದರೆ, ಬೆಳಗಾಗಲಿ ಎಂದು ಕಾಯದೆ ಡಾಕ್ಟರರಿಗೆ ಫೋನ್ ಮಾಡಿ.

— ಸಂ.